ಪೈಲಟ್ ಆಗಲಿರುವ ಅಕ್ಕನ ಮಗನಿಗೆ ಯಾವ ವಾಚು ಕೊಡಿಸಲಿ?

ಖಡೇಬಜಾರ ಮಾಮಾ
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ ವಿಜಯಪುರ ಸೈನಿಕ ಶಾಲೆಯಲ್ಲಿ ಓದಿ, ಖಡಕವಾಸ್ಲಾದ ಸೇನಾ ಅಕಾಡೆಮಿಯಲ್ಲಿ ಎನ್‌ಡಿಎ ಮುಗಿಸಿ, ಈಗ ಹಾರಾಟದ ತರಬೇತಿಗೆ ದುಂಡಿಗಲ್‌ಗೆ ಹೊರಟಿದ್ದಾನೆ. ನಮ್ಮ ಮನೆತನದಲ್ಲಿ ವಿಮಾನ ಹತ್ತಿದವರೇ ಕಡಿಮೆ, ಓಡಿಸುವವನು ಇವನೇ ಮೊದಲು. ಸೋದರಮಾವ ಅಂದಮೇಲೆ ಬರಿಗೈಲಿ ಕಳಿಸೋಕಾಗಲ್ಲ. ಒಂದು ಒಳ್ಳೆ ವಾಚು ಕೊಡಿಸಬೇಕು ಅಂತಿದೆ. ಹದಿನೈದು ಸಾವಿರದ ಒಳಗೆ.

ಗಣಪತ ಗಲ್ಲಿ ಕಡೆ ಒಬ್ಬರು ಹಳೇ ಎಚ್‌ಎಂಟಿ ಪೈಲಟ್ ತೋರಿಸಿದರು. ಕಪ್ಪು ಡಯಲ್, ದಪ್ಪ ಅಂಕಿ, ನೋಡೋಕೆ ಖಡಕ್ ಆಗಿದೆ. "ಏರ್‌ಫೋರ್ಸಿನವರೆಲ್ಲ ಇದನ್ನೇ ಕಟ್ಟುತ್ತಿದ್ದರು ಸಾಹೇಬ್ರೆ" ಅಂದರು. ನಿಜವಾ? ಸೇನೆಯ ಪೈಲಟ್‌ಗಳು ಅಸಲಿಗೆ ಎಂಥ ವಾಚು ಕಟ್ಟುತ್ತಾರೆ? ಅಕ್ಕ ಬೇರೆ ಬಂಗಾರದ ಬಣ್ಣದ್ದೇ ಕೊಡಿಸು ಅಂತ ಕೂತಿದ್ದಾಳೆ.

ಕುಂದಾ ಪ್ರಿಯೆ
ಮೊದಲು ಅಭಿನಂದನೆ. ಕುಂದಾ ಯಾವಾಗ ಹಂಚುತ್ತೀರಿ ಹೇಳಿ, ಆಮೇಲೆ ವಾಚಿನ ಮಾತು.

ಹಿಡಕಲ್ ನೀರು
ದುಂಡಿಗಲ್ ಯಾಕೆ? ನಮ್ಮ ಬೆಳಗಾವಿಯ ಸಾಂಬ್ರಾದಲ್ಲೇ ಏರ್‌ಫೋರ್ಸ್ ಟ್ರೇನಿಂಗ್ ಇದೆಯಲ್ಲ?

ಮಾಜಿ ಏರ್‌ಮನ್
ಸಾಂಬ್ರಾದಲ್ಲಿರುವುದು ಏರ್‌ಮನ್, ಅಂದರೆ ಅಧಿಕಾರಿಗಳಲ್ಲದ ಸಿಬ್ಬಂದಿಯ ತರಬೇತಿ ಶಾಲೆ. ಪೈಲಟ್ ತರಬೇತಿ ಅಲ್ಲಿಲ್ಲ. ನಾನೂ ಅಲ್ಲೇ ಪರೇಡ್ ಮಾಡಿ ಬಂದವನು. ಹಾರಿಸೋದು ಕಲಿಯುವವರು ಹೈದರಾಬಾದ್ ಹತ್ತಿರದ ದುಂಡಿಗಲ್ ಏರ್‌ಫೋರ್ಸ್ ಅಕಾಡೆಮಿಗೆ ಹೋಗುತ್ತಾರೆ. ಫೈಟರ್ ಸಿಕ್ಕವರಿಗೆ ಮುಂದೆ ನಮ್ಮ ಬೀದರ್, ಅಲ್ಲಿ ಹಾಕ್ ತರಬೇತಿ ವಿಮಾನ. ಸಾರಿಗೆ ವಿಮಾನದವರಿಗೆ ಹಿಂದೆ ಯಲಹಂಕ ಇತ್ತು.

ಮಾಮಾ ಅವರೆ, ಎಚ್‌ಎಂಟಿ ಪೈಲಟ್ ಚಂದದ ವಾಚು. ಆದರೆ ಡಯಲ್ ಮೇಲೆ ಪೈಲಟ್ ಅಂತ ಬರೆದ ಮಾತ್ರಕ್ಕೆ ಅದು ಕಾಕ್‌ಪಿಟ್ ಕಂಡಿದೆ ಅಂತಲ್ಲ. ನಾನಿದ್ದ ಕಾಲದಲ್ಲಿ ಪೈಲಟ್ ಸಾಹೇಬರ ಕೈಯಲ್ಲಿ ಜಾಸ್ತಿ ಕಂಡದ್ದು ಜಪಾನಿನ ಆಟೋಮ್ಯಾಟಿಕ್, ಆಮೇಲಾಮೇಲೆ ಕ್ಯಾಸಿಯೋ. ಎಚ್‌ಎಂಟಿ ಇರಲಿಲ್ಲ ಅಂತಲ್ಲ. ಅದು ಎಲ್ಲರ ಕೈಯಲ್ಲೂ ಇತ್ತು. ಅಡುಗೆಮನೆಯವರಿಂದ ಹಿಡಿದು ಕಮಾಂಡಿಂಗ್ ಆಫೀಸರ್‌ವರೆಗೆ.

ಚಾವಿ ಗಡಿಯಾರ
ಅಬ್ಬಾ, ಕೊನೆಗೂ ನನ್ನ ವಿಷಯ ಬಂತು. ಟಿಳಕವಾಡಿಯಲ್ಲಿ ಕೂತು ಹಳೇ ವಾಚು ಕೂಡಿಡುವ ಹುಚ್ಚು ನನಗೆ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಗಂಡಸರು ಕೈಗೆ ವಾಚು ಕಟ್ಟೋ ರೂಢಿಗೂ ವಿಮಾನಕ್ಕೂ ಹಳೇ ನಂಟು. ಬ್ರೆಜಿಲ್‌ನ ಸಾಂಟೋಸ್-ಡುಮಾಂಟ್ ಹಾರಾಡುವಾಗ ಕೋಟಿನ ಕಿಸೆಯಿಂದ ಗಡಿಯಾರ ತೆಗೆಯೋಕೆ ಕೈ ಬಿಡುವಿರಲ್ಲ ಅಂತ ಗೊಣಗಿದ. ಗೆಳೆಯ ಲೂಯಿ ಕಾರ್ಟಿಯೆ 1904ರಲ್ಲಿ ಕೈಗೆ ಕಟ್ಟುವಂಥದ್ದು ಮಾಡಿಕೊಟ್ಟ. ಅದೇ ಇವತ್ತಿಗೂ ಸಾಂಟೋಸ್ ಅನ್ನೋ ಹೆಸರಲ್ಲಿ ಮಾರಾಟ ಆಗುತ್ತೆ, ನಮ್ಮಂಥವರ ಬಜೆಟ್ಟಿಗಲ್ಲ. ಅದು ಸೇನೆಯ ವಾಚಲ್ಲ ಬಿಡಿ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಕಟ್ಟಿಕೊಂಡ ಮೇಲೆಯೇ "ಕೈಗಡಿಯಾರ ಹೆಂಗಸರದ್ದು" ಅನ್ನೋ ಮಾತು ಹೋಯ್ತು.

ನಿಜವಾದ ಸೇನಾ ಪೈಲಟ್ ವಾಚು ನೋಡಬೇಕು ಅಂದರೆ ಎರಡನೇ ಮಹಾಯುದ್ಧದ ಜರ್ಮನ್ ವಾಚು ನೋಡಿ. 55 ಮಿ.ಮೀ. ಅಗಲ! ಬಟ್ಟಲಿನಷ್ಟು. ಲಾಂಗೆ, ಲಾಕೋ, ಸ್ಟೋವಾ, ವೆಂಪೆ, ಐಡಬ್ಲ್ಯೂಸಿ ಅಂತ ಐದು ಕಂಪನಿ ಮಾಡುತ್ತಿದ್ದವು. ಡಯಲ್ ಮೇಲೆ ಕಂಪನಿ ಹೆಸರು ಕೂಡ ಇರಲಿಲ್ಲ. ಹನ್ನೆರಡರ ಜಾಗದಲ್ಲಿ ಒಂದು ತ್ರಿಕೋನ, ಅದರ ಎಡಬಲಕ್ಕೆ ಎರಡು ಚುಕ್ಕಿ. ಕತ್ತಲಲ್ಲಿ, ಕುಲುಕಾಟದಲ್ಲಿ ಮೇಲ್ಭಾಗ ಯಾವುದು ಅಂತ ಒಂದೇ ನೋಟಕ್ಕೆ ತಿಳಿಯಲಿ ಅಂತ. ಚಾವಿ ಕೊಡುವ ಗುಂಡಿ ದಪ್ಪ, ಕೈಗವಸು ಹಾಕಿದ್ದರೂ ತಿರುಗಿಸಬಹುದು. ಬೆಲ್ಟ್ ಎಷ್ಟು ಉದ್ದ ಅಂದರೆ ದಪ್ಪ ಜಾಕೆಟ್ಟಿನ ತೋಳಿನ ಮೇಲೇ ಕಟ್ಟಿಕೊಳ್ಳುತ್ತಿದ್ದರು. ಇದನ್ನು ಹೆಚ್ಚಾಗಿ ಕಟ್ಟುತ್ತಿದ್ದವರು ಪೈಲಟ್‌ಗಳಲ್ಲ, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗಳು.

ಬಾಗಲಕೋಟ ಬಯಲು
55 ಮಿ.ಮೀ. ಕಟ್ಟಿಕೊಂಡು ನಮ್ಮ ಊರಲ್ಲಿ ಓಡಾಡಿದರೆ ಗೋಡೆ ಗಡಿಯಾರ ಕಿತ್ತುಕೊಂಡು ಬಂದಿದ್ದಾನೆ ಅಂತಾರೆ.

ಖಡೇಬಜಾರ ಮಾಮಾ
ಒಂದು ಸಂಶಯ. ವಿಮಾನದ ಎದುರಿನ ಫಲಕದಲ್ಲೇ ಗಡಿಯಾರ ಇರುತ್ತಲ್ಲ? ಕೈಗೆ ಯಾಕೆ ಮತ್ತೆ?

ಮಾಜಿ ಏರ್‌ಮನ್
ಇರುತ್ತೆ. ಮಿಗ್-21ರಲ್ಲಿ ರಷ್ಯಾದ ಗಡಿಯಾರ ಇತ್ತು, ಒಂದೇ ಮುಖದೊಳಗೆ ಮೂರು. ದೊಡ್ಡದರಲ್ಲಿ ದಿನದ ಸಮಯ, ಮೇಲಿನ ಸಣ್ಣದರಲ್ಲಿ ಹಾರಾಟ ಶುರುವಾಗಿ ಎಷ್ಟು ಹೊತ್ತಾಯ್ತು ಅಂತ, ಕೆಳಗಿನದು ಸ್ಟಾಪ್‌ವಾಚು. ಚಳಿಗೆ ಎಣ್ಣೆ ಗಟ್ಟಿಯಾಗಿ ನಿಲ್ಲಬಾರದು ಅಂತ ಒಳಗೆ ಹೀಟರ್ ಕೂಡ. ಚಾವಿ ಕೊಡುವ ಗಡಿಯಾರಕ್ಕೆ ಕರೆಂಟಿನ ಹೀಟರ್, ರಷ್ಯನ್ನರ ತಲೆ ನೋಡಿ.

ಕೈಗೂ ಯಾಕೆ ಅಂದರೆ, ಒಂದು ಕೆಟ್ಟರೆ ಇನ್ನೊಂದು. ಮತ್ತೆ ಲೆಕ್ಕ ನೋಡಿ. ನೆಲಕ್ಕೆ ಹತ್ತಿರವಾಗಿ 480 ನಾಟ್ ವೇಗದಲ್ಲಿ ಹೋಗುವ ಫೈಟರ್ ನಿಮಿಷಕ್ಕೆ 8 ನಾಟಿಕಲ್ ಮೈಲಿ ಹೋಗುತ್ತೆ. ಸೆಕೆಂಡಿಗೆ ಹತ್ತಿರ ಹತ್ತಿರ 250 ಮೀಟರ್. ಸಾಂಬ್ರಾದಿಂದ ಹೊರಟರೆ ಮೂರು ನಿಮಿಷದೊಳಗೆ ಗೋಕಾಕ ಫಾಲ್ಸ್. ಹತ್ತು ಸೆಕೆಂಡ್ ಹೆಚ್ಚುಕಮ್ಮಿ ಆದರೆ ಎರಡೂವರೆ ಕಿಲೋಮೀಟರ್ ಆಚೆ. ಅದಕ್ಕೇ ನಕ್ಷೆಯ ಮೇಲೆ ದಾರಿಯ ಗೆರೆಗೆ ನಿಮಿಷ ನಿಮಿಷಕ್ಕೆ ಗುರುತು ಹಾಕಿಕೊಂಡಿರುತ್ತಾರೆ. ಕಲಿಸುವಾಗ ಹೇಳುವುದೂ ಅದೇ: ಮೊದಲು ಗಡಿಯಾರ ನೋಡು, ಆಮೇಲೆ ನಕ್ಷೆ, ಕೊನೆಗೆ ನೆಲ. ನೆಲ ನೋಡಿ ನಕ್ಷೆಯಲ್ಲಿ ಹುಡುಕಲು ಹೋದವನಿಗೆ ಪ್ರತಿ ಕೆರೆಯೂ ತಾನು ಹುಡುಕುತ್ತಿರುವ ಕೆರೆಯಂತೆಯೇ ಕಾಣುತ್ತೆ.

ಹಿಡಕಲ್ ನೀರು
ಈಗ ಜಿಪಿಎಸ್ ಇದೆಯಲ್ಲ ಸರ್.

ಮಾಜಿ ಏರ್‌ಮನ್
ಜಿಪಿಎಸ್ ಜಾಮ್ ಮಾಡೋಕೆ ಬರುತ್ತೆ. ಕೈಯಲ್ಲಿರೋ ವಾಚಿಗೆ ಯಾರು ಏನು ಜಾಮ್ ಮಾಡುತ್ತಾರೆ? ಮೋಡದಲ್ಲಿ ತಿರುವು ತೆಗೆಯುವುದನ್ನೂ ಸೆಕೆಂಡ್ ಎಣಿಸಿಯೇ ಕಲಿಸುತ್ತಾರೆ. ಸೆಕೆಂಡಿಗೆ 3 ಡಿಗ್ರಿ, ಪೂರಾ ಒಂದು ಸುತ್ತಿಗೆ ಎರಡು ನಿಮಿಷ. ಹುಡುಗನಿಗೆ ಇದು ಬೇಗ ಗೊತ್ತಾಗುತ್ತೆ.

ಉದ್ಯಮಬಾಗ ಲೇಥ್
ನಾನು ವರ್ಕ್‌ಶಾಪಿನವನು, ವಾಯುಪಡೆ ಗೊತ್ತಿಲ್ಲ. ಆದರೆ ವಾಚು ಕೊಳ್ಳುವವರಿಗೆ ಒಂದು ಮಾತು. ಸರ್ಫೇಸ್ ಗ್ರೈಂಡರಿನ ಮ್ಯಾಗ್ನೆಟ್ ಚಕ್ ಹತ್ತಿರ ಕೈ ಇಟ್ಟು ಕೆಲಸ ಮಾಡುವ ನಮ್ಮ ಹುಡುಗರ ವಾಚೆಲ್ಲ ಓಡೋಕೆ ಶುರು ಮಾಡುತ್ತವೆ. ಒಬ್ಬನದು ಮಧ್ಯಾಹ್ನದ ಊಟದೊಳಗೆ ಇಪ್ಪತ್ತು ನಿಮಿಷ ಮುಂದೆ. ಅವನು ಸೈರನ್ನೇ ತಡವಾಗಿದೆ ಅಂತ ಜಗಳಕ್ಕೆ ನಿಂತ. ವಿಮಾನದಲ್ಲಿ ಮೋಟಾರು, ರೇಡಾರು ಎಲ್ಲ ಇರುತ್ತಲ್ಲ, ಅಲ್ಲಿ ಹೇಗೆ?

ಚಾವಿ ಗಡಿಯಾರ
ಲೇಥ್ ಅಣ್ಣಾ, ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ಚಾವಿ ವಾಚಿನೊಳಗೆ ಅದರ ವೇಗ ಕಾಯುವ, ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಇರುತ್ತೆ. ಅದಕ್ಕೆ ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗಿನ ಉದ್ದ ಕಡಿಮೆಯಾದಂತೆ ಆಗುತ್ತೆ, ವಾಚು ಓಡುತ್ತೆ. ನಿಮ್ಮ ಹುಡುಗನ ವಾಚಿಗೆ ಆಗಿದ್ದು ಅದೇ.

ಬ್ರಿಟಿಷ್ ವಾಯುಪಡೆ ಇದಕ್ಕೇ ಮಾರ್ಕ್ 11 ಅಂತ ಮಾಡಿಸಿತು. ಐಡಬ್ಲ್ಯೂಸಿ ಮತ್ತು ಜೇಗರ್-ಲಕೂಲ್ತ್ರ್ ಮಾಡಿದವು, 1940ರ ದಶಕದ ಕೊನೆಗೆ. ಯಂತ್ರದ ಸುತ್ತ ಮೆದು ಕಬ್ಬಿಣದ ಒಂದು ಡಬ್ಬಿ. ಡಯಲ್ ಕೂಡ ಅದೇ ಕಬ್ಬಿಣದ್ದು, ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ. ಅಯಸ್ಕಾಂತದ ಬಲ ಆ ಕಬ್ಬಿಣದಲ್ಲೇ ಸುತ್ತಿ ಹೋಗುತ್ತೆ, ಒಳಗಿನ ಸ್ಪ್ರಿಂಗ್ ಮುಟ್ಟಲ್ಲ. ಅಗಲ ಬರೀ 36 ಮಿ.ಮೀ. ಜರ್ಮನ್ ವಾಚಿನ ಮುಂದೆ ಗುಬ್ಬಿ. 1980ರ ದಶಕದ ಆರಂಭದವರೆಗೂ ಬಳಸಿದರು.

ನಿಮ್ಮ ವಾಚಿಗೆ ಅಯಸ್ಕಾಂತ ಹಿಡಿದಿದೆಯಾ ನೋಡಬೇಕಾ? ದಿಕ್ಸೂಚಿಯ ಹತ್ತಿರ ಒಯ್ಯಿರಿ. ಸೂಜಿ ವಾಚಿನ ಜೊತೆ ಎಳೆದಾಡಿದರೆ ಹಿಡಿದಿದೆ ಅಂತ. ರಿಪೇರಿಯವರ ಹತ್ತಿರ ಡಿಮ್ಯಾಗ್ನೆಟೈಸರ್ ಇರುತ್ತೆ, ಎರಡು ನಿಮಿಷದ ಕೆಲಸ.

ಉದ್ಯಮಬಾಗ ಲೇಥ್
ನಾಳೆಯೇ ಅವನ ವಾಚು ನೋಡುತ್ತೇನೆ. ಎಚ್‌ಎಂಟಿ ವಾಚು ಕಾರ್ಖಾನೆ ಮುಚ್ಚಿ ಹೋಯ್ತು, ನಮ್ಮ ಶೆಡ್ಡಿನ ಎಚ್‌ಎಂಟಿ ಲೇಥ್ ಮಾತ್ರ ಇನ್ನೂ ಗರಗರ ತಿರುಗುತ್ತಿದೆ.

ಬಾಗಲಕೋಟ ಬಯಲು
ನಮ್ಮ ಕಾಕಾನ ಹೊಲದಲ್ಲಿ ಎಚ್‌ಎಂಟಿ ಟ್ರ್ಯಾಕ್ಟರ್ ಕೂಡ ಇತ್ತು. ಅದಕ್ಕೆ ಯಾರೂ ರೈತ ಅಂತ ಹೆಸರಿಡಲಿಲ್ಲ, ವಾಚಿಗೆ ಮಾತ್ರ ಪೈಲಟ್, ಜವಾನ್, ಜನತಾ!

ಗೋಳಗುಮ್ಮಟದ ಮಾರ್ದನಿ
ನಮ್ಮೂರ ಸೈನಿಕ ಶಾಲೆ ಹುಡುಗ ಅಂದಮೇಲೆ ನಾನು ಮಾತಾಡಲೇಬೇಕು. ಮಾಮಾ, ಎಚ್‌ಎಂಟಿ ಬೇಡ ಅನ್ನೋರ ಮಾತು ಕೇಳಬೇಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ಕಾರ್ಖಾನೆ. ಕರ್ನಾಟಕದ ಕೈಯಿಂದ ಹೊರಟ ವಾಚು ಕನ್ನಡದ ಹುಡುಗ ಕಟ್ಟಿ ಹಾರಲಿ. ಇದಕ್ಕಿಂತ ದೊಡ್ಡ ಉಡುಗೊರೆ ಯಾವುದು?

ಚಾವಿ ಗಡಿಯಾರ
ಎಚ್‌ಎಂಟಿ ಮೇಲೆ ನನಗೆ ನಿಮಗಿಂತ ಜಾಸ್ತಿ ಪ್ರೀತಿ. ಮನೆಯಲ್ಲಿ ಪೆಟ್ಟಿಗೆ ತುಂಬ ಇವೆ. ಆದರೆ ಕೆಲಸಕ್ಕೆ ಬರುತ್ತಾ ಅನ್ನೋದು ಬೇರೆ ಮಾತು. ಸೇನಾ ವಾಚಿಗೆ ಒಂದು ಗುಣ ಬೇಕೇ ಬೇಕು: ಗುಂಡಿ ಹೊರಗೆ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲಬೇಕು. ಹಾರುವ ಮುಂಚೆ ಎಲ್ಲರೂ ಒಂದೇ ಸೆಕೆಂಡಿಗೆ ವಾಚು ಹೊಂದಿಸಿಕೊಳ್ಳುವುದು ಹಾಗೆಯೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರ ಎ-11 ವಾಚಿಗೆ ಇದು ಕಡ್ಡಾಯ. ಎಲ್ಜಿನ್, ವಾಲ್ಥಂ, ಬುಲೋವಾ ಮಾಡಿಕೊಟ್ಟವು. ನನ್ನ ಹತ್ತಿರ ಇರುವ ಎಚ್‌ಎಂಟಿ ಪೈಲಟ್‌ಗಳಲ್ಲಿ ಗುಂಡಿ ಎಳೆದರೂ ಮುಳ್ಳು ತನ್ನ ಪಾಡಿಗೆ ಹೋಗುತ್ತಲೇ ಇರುತ್ತೆ. 17 ಜ್ಯುವೆಲ್ಲಿನ, ಅಂದರೆ ಸವೆತ ತಡೆಯುವ 17 ಹರಳಿನ ಗಟ್ಟಿ ಯಂತ್ರ, ಎರಡು ಮಾತಿಲ್ಲ. ಆದರೆ ಸೆಕೆಂಡ್ ಹೊಂದಿಸೋಕೆ ಬರಲ್ಲ.

ಗೋಳಗುಮ್ಮಟದ ಮಾರ್ದನಿ
ಸೆಕೆಂಡ್ ಲೆಕ್ಕಕ್ಕೆ ವಿಮಾನದಲ್ಲಿ ಬೇರೆ ಗಡಿಯಾರ ಇದೆ ಅಂತ ಏರ್‌ಮನ್ ಸಾಹೇಬರೇ ಈಗ ತಾನೇ ಹೇಳಿದರು. ಉಡುಗೊರೆ ಅಂದರೆ ಮನಸ್ಸು. ಎಲ್ಲದಕ್ಕೂ ಯಂತ್ರ ಬಿಚ್ಚಿ ನೋಡುವವರ ಜೊತೆ ವಾದ ಮಾಡೋದು ಕಷ್ಟ.

ಶಹಾಪುರ ಸೀರೆ
ಇಬ್ಬರೂ ಸ್ವಲ್ಪ ತಡೀರಿ. ಅಸಲಿ ಪ್ರಶ್ನೆ ಅದು ಅಸಲಿ ಎಚ್‌ಎಂಟಿನಾ ಅನ್ನೋದು. ನಮ್ಮ ಮನೆಯವರು ಒಂದು ಆನ್‌ಲೈನ್ ಅಂಗಡಿಯಲ್ಲಿ ಪೈಲಟ್ ತರಿಸಿದರು. ಹಸಿರು ಡಯಲ್, ಹೊಸದರಂತೆ ಫಳಫಳ. ಎರಡು ವಾರಕ್ಕೆ ಅಂಕಿಯ ಬಣ್ಣ ಎದ್ದು ಗಾಜಿನೊಳಗೆ ಉದುರಿ ಬಿದ್ದಿತ್ತು. ವಾಪಸ್ ತಗೊಳ್ಳಲಿಲ್ಲ.

ಚಾವಿ ಗಡಿಯಾರ
ಅದು ಮತ್ತೆ ಬಣ್ಣ ಬಳಿದ ಡಯಲ್ ತಂಗಿ. ಹಳೇ ವಾಚಿನ ಯಂತ್ರ ಯಾವುದೋ, ಕೇಸು ಇನ್ಯಾವುದೋ, ಡಯಲ್ ಮೇಲೆ ಹೊಸ ಪೇಂಟು. ಮುಂಬೈ ಸ್ಪೆಷಲ್ ಅಂತಾರೆ ಹವ್ಯಾಸಿಗಳು. ಕಾರ್ಖಾನೆ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೇಲಂತೂ ಪೈಲಟ್‌ಗೆ ಬೇಡಿಕೆ ಏರಿತು, ಇಂಥ ಮಾಲೂ ಏರಿತು.

ಮಾಮಾ, ಗಣಪತ ಗಲ್ಲಿಯದನ್ನು ಕೊಳ್ಳುವುದಾದರೆ ಭೂತಗನ್ನಡಿ ಇಟ್ಟು ನೋಡಿ. ಅಂಕಿಯ ಅಂಚು ಚೂಪಾಗಿರಬೇಕು. ಬ್ರಷ್ಷಿನಲ್ಲಿ ಎಳೆದಂತೆ ಉಬ್ಬಿದ್ದರೆ ಬೇಡ. ಕೇಸಿನ ತುಂಬ ಗೀರು ಇದ್ದು ಡಯಲ್ ಮಾತ್ರ ಮದುವಣಿಗನ ಹಾಗೆ ಮಿಂಚುತ್ತಿದ್ದರೂ ಬೇಡ. ಹಿಂದಿನ ಮುಚ್ಚಳ ಬಿಚ್ಚಿಸಿ. ಬಿಚ್ಚಲ್ಲ ಅಂದರೆ ನಮಸ್ಕಾರ ಹೇಳಿ ಬನ್ನಿ.

ಮಾಜಿ ಏರ್‌ಮನ್
ಇನ್ನೊಂದು ಎಚ್ಚರಿಕೆ. ಯುದ್ಧಕಾಲದ ಅಸಲಿ ಪೈಲಟ್ ವಾಚು ಸಿಗುತ್ತೆ ಅಂತ ಯಾರಾದರೂ ತಂದರೆ ಅದನ್ನು ಬಿಚ್ಚಿ ಆಟ ಆಡಬೇಡಿ. ಆ ಕಾಲದಲ್ಲಿ ಕತ್ತಲಲ್ಲಿ ಹೊಳೆಯೋಕೆ ಹಚ್ಚುತ್ತಿದ್ದದ್ದು ರೇಡಿಯಂ. ಹೊಳಪು ಸತ್ತು ಕಂದು ಬಣ್ಣ ಆಗಿರುತ್ತೆ, ವಿಕಿರಣ ಮಾತ್ರ ಹಾಗೇ ಇರುತ್ತೆ. ಅರ್ಧಕ್ಕೆ ಇಳಿಯೋಕೇ 1600 ವರ್ಷ ಬೇಕು. ಆ ಪುಡಿ ಉಸಿರಿಗೆ ಹೋಗಬಾರದು. ಆಮೇಲೆ ಬಂದ ಟ್ರಿಟಿಯಂ ಆದರೆ ಹನ್ನೆರಡು ವರ್ಷಕ್ಕೆ ಅರ್ಧ ಆಗುತ್ತೆ. ಈಗಿನದಕ್ಕೆ ಭಯ ಇಲ್ಲ, ಬೆಳಕು ಕುಡಿದು ಹೊಳೆಯುವ ಬಣ್ಣ.

ಕುಂದಾ ಪ್ರಿಯೆ
ನಮ್ಮ ಅಜ್ಜನ ಗಡಿಯಾರ ಮಕ್ಕಳಿಗೆ ಆಡೋಕೆ ಕೊಟ್ಟಿದ್ದೆ. ಈಗಲೇ ಕಸಿದುಕೊಂಡೆ. ಮನೆಯಲ್ಲಿ ಅಳು ಶುರುವಾಗಿದೆ, ಧನ್ಯವಾದ.

ಕಿತ್ತೂರ ಕೋಟೆ
ಎರಡು ಸಮಯ ತೋರಿಸುವ ವಾಚು ಕೊಡಿಸಿ. ವಿಮಾನದವರು ಗ್ರೀನ್‌ವಿಚ್ ಸಮಯದಲ್ಲೇ ಮಾತಾಡುತ್ತಾರಂತೆ.

ಚಾವಿ ಗಡಿಯಾರ
ಅಂಥ ವಾಚಿನಲ್ಲಿ ಹೆಸರಾದದ್ದು ರೋಲೆಕ್ಸ್ ಜಿಎಂಟಿ, 1950ರ ದಶಕದಲ್ಲಿ ಅಮೆರಿಕದ ಪ್ಯಾನ್ ಆಮ್ ವಿಮಾನ ಕಂಪನಿಯ ಪೈಲಟ್‌ಗಳಿಗಾಗಿ ಬಂದದ್ದು. ಸೇನೆಯದಲ್ಲ. ನಮ್ಮ ದೇಶದವರಿಗೆ ಅದರಲ್ಲೊಂದು ತೊಡಕಿದೆ. ಆ ಎರಡನೇ ಮುಳ್ಳು ಪೂರ್ತಿ ಗಂಟೆಯ ವ್ಯತ್ಯಾಸ ತೋರಿಸುತ್ತೆ. ನಮ್ಮದು ಐದೂವರೆ.

ಮಾಜಿ ಏರ್‌ಮನ್
ಹದಿನೈದು ಪೈಸೆ ಖರ್ಚಿಲ್ಲದ ಉಪಾಯ ಹೇಳಲಾ? ಮುಳ್ಳಿನ ವಾಚನ್ನು ತಲೆಕೆಳಗು ಹಿಡಿದು ನೋಡಿ. ನಮ್ಮಲ್ಲಿ ಮಧ್ಯಾಹ್ನ 2 ಗಂಟೆ. ತಲೆಕೆಳಗು ಮಾಡಿದರೆ ಗಂಟೆ ಮುಳ್ಳು 8ರ ಜಾಗದಲ್ಲಿ, ನಿಮಿಷದ ಮುಳ್ಳು 6ರ ಜಾಗದಲ್ಲಿ. 8:30. ಗ್ರೀನ್‌ವಿಚ್‌ನಲ್ಲಿ ಬೆಳಿಗ್ಗೆ 8:30ಯೇ.

ಬಾಗಲಕೋಟ ಬಯಲು
ಏನ್ರೀ ಇದು, ಮಾಟ! ಊಟ ಬಿಟ್ಟು ವಾಚು ತಿರುಗಿಸುತ್ತಾ ಕೂತಿದ್ದೇನೆ.

ಉದ್ಯಮಬಾಗ ಲೇಥ್
ಪೂರಾ ಸರಿ ಬರಲ್ಲ. ಮೂರೂವರೆ ಇಟ್ಟು ತಿರುಗಿಸಿದೆ. ಗಂಟೆ ಮುಳ್ಳು 9 ಮತ್ತು 10ರ ನಡುವೆ, ನಿಮಿಷದ್ದು 12ರಲ್ಲಿ. ಇದು ಒಂಬತ್ತಾ ಹತ್ತಾ?

ಮಾಜಿ ಏರ್‌ಮನ್
ಹತ್ತು. ಅರ್ಧ ಸುತ್ತು ಅಂದರೆ ಆರು ಗಂಟೆ, ನಮಗೆ ಬೇಕಾದ್ದು ಐದೂವರೆ. ಹಾಗಾಗಿ ಗಂಟೆ ಮುಳ್ಳು ಅರ್ಧ ಗಂಟೆ ಹಿಂದೆ ಬಿದ್ದಿರುತ್ತೆ. ನಿಮಿಷ ಮಾತ್ರ ಯಾವಾಗಲೂ ಸರಿ. ಸಂಶಯ ಬಂದಾಗ ಮುಂದಿನ ಗಂಟೆ ಹಿಡಿಯಿರಿ.

ಹಿಡಕಲ್ ನೀರು
ಚಂದ್ರನ ಮೇಲೆ ಹೋದ ಒಮೆಗಾ ಬಗ್ಗೆ ಯಾರೂ ಹೇಳಲೇ ಇಲ್ಲ. 1970ರಲ್ಲಿ ಅಪೊಲೊ 13 ಕೆಟ್ಟಾಗ ದಾರಿ ಸರಿಪಡಿಸಲು 14 ಸೆಕೆಂಡ್ ಎಂಜಿನ್ ಉರಿಸಿದ್ದು ಕೈಯಲ್ಲಿದ್ದ ಒಮೆಗಾ ಸ್ಪೀಡ್‌ಮಾಸ್ಟರ್ ನೋಡಿಕೊಂಡು.

ಗೋಳಗುಮ್ಮಟದ ಮಾರ್ದನಿ
ಅವರು ಗಗನಯಾತ್ರಿಗಳು. ಇಲ್ಲಿ ಮಾತು ಸೇನೆಯ ಪೈಲಟ್‌ಗಳದ್ದು.

ಹಿಡಕಲ್ ನೀರು
ಅಪೊಲೊ 13ರ ನಾಯಕ ಜಿಮ್ ಲೊವೆಲ್ ನೌಕಾಪಡೆಯ ಪೈಲಟ್, ವಾಚು ನೋಡಿ ಎಣಿಸಿದ ಜಾಕ್ ಸ್ವಿಗರ್ಟ್ ವಾಯುಪಡೆಯಲ್ಲಿದ್ದವನು. ಗಗಾರಿನ್ ಕೂಡ ವಾಯುಪಡೆಯವನೇ, 1961ರಲ್ಲಿ ಅವನ ಕೈಯಲ್ಲಿದ್ದದ್ದು ಸೋವಿಯತ್ ಪೈಲಟ್‌ಗಳ ಶ್ತುರ್ಮಾನ್‌ಸ್ಕಿಯೆ ವಾಚು. ಸಾಕಾ?

ಗೋಳಗುಮ್ಮಟದ ಮಾರ್ದನಿ
ಸಾಕು. ಹದಿನೈದು ಸಾವಿರಕ್ಕೆ ಅದರಲ್ಲಿ ಯಾವುದು ಬರುತ್ತೆ ಅಂತಲೂ ಹೇಳಿ.

ಗಾಲ್ಫ್ ಮೈದಾನದ ಗಾಳಿ
ಈ ಇಡೀ ಚರ್ಚೆ ಹಳೇ ಕಾಲದ್ದು. ಒಂದು ಸ್ಮಾರ್ಟ್‌ವಾಚ್ ಕೊಡಿಸಿ ಮುಗಿಸಿ. ಅಮೆರಿಕದ ಬೇಹುಗಾರಿಕೆ ವಿಮಾನ ಯು-2ರ ಪೈಲಟ್‌ಗಳಿಗೇ 2018ರಲ್ಲಿ ಗಾರ್ಮಿನ್ ಸ್ಮಾರ್ಟ್‌ವಾಚ್ ಬಂತು.

ಮಾಜಿ ಏರ್‌ಮನ್
ಅದು ಅವರ ಪಡೆ ನೋಡಿ ಒಪ್ಪಿ ಕೊಟ್ಟದ್ದು. ಕೆಡೆಟ್ ತಾನೇ ಕಟ್ಟಿಕೊಂಡು ಹೋಗೋದು ಬೇರೆ. ಅದೇ 2018ರ ಜನವರಿಯಲ್ಲಿ ಏನಾಯ್ತು ನೆನಪಿದೆಯಾ? ಓಟದ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿನ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳೆಲ್ಲ ಗೆರೆ ಗೆರೆಯಾಗಿ ಹೊಳೆದು, ಮರುಭೂಮಿಯ ನಡುವಿನ ಸೇನಾ ನೆಲೆಗಳು ಜಗತ್ತಿಗೇ ಕಂಡವು. ಜಿಪಿಎಸ್ ಇರುವ, ಫೋನಿಗೆ ಜೋಡಿಸುವ ಯಾವುದನ್ನೂ ಕೊಡಿಸಬೇಡಿ. ಅಲ್ಲಿ ತೆಗೆದಿಡು ಅಂದರೆ ನಿಮ್ಮ ದುಡ್ಡು ಟ್ರಂಕಿನಲ್ಲಿ ಕೊಳೆಯುತ್ತೆ.

ನನ್ನ ಮಾತು ಕೇಳುವುದಾದರೆ ಕ್ಯಾಸಿಯೋದ ಚೌಕ ಮುಖದ ಜಿ-ಶಾಕ್. 1983ರಲ್ಲಿ ಬಂದ ಆಕಾರ, ಇವತ್ತಿಗೂ ಅದೇ. ಬೀಳಲಿ, ಕೆಸರಲ್ಲಿ ತೆವಳಲಿ, 200 ಮೀಟರ್ ನೀರಿನ ಒತ್ತಡ ತಡೆಯುವ ವಾಚು. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಅಂದಮೇಲೆ ಸಮಯ ಯಾವ ದುಬಾರಿ ಸ್ವಿಸ್ ಚಾವಿ ವಾಚಿಗಿಂತಲೂ ನೆಟ್ಟಗೆ. ಹೇರ್‌ಸ್ಪ್ರಿಂಗೇ ಇಲ್ಲ, ಲೇಥ್ ಅವರ ಮ್ಯಾಗ್ನೆಟ್ ಭಯವೂ ಇಲ್ಲ. ಮುಳ್ಳಿಲ್ಲ, ಹಾಗಾಗಿ ನನ್ನ ತಲೆಕೆಳಗಿನ ಉಪಾಯ ನಡೆಯಲ್ಲ, ಅಷ್ಟೇ. ಐದಾರು ಸಾವಿರದ ಆಸುಪಾಸು. ಯಾವ ಪಡೆಯ ಪೈಲಟ್‌ಗಳ ಫೋಟೋ ನೋಡಿದರೂ ಒಂದಾದರೂ ಕಾಣುತ್ತೆ.

ಗೋಳಗುಮ್ಮಟದ ಮಾರ್ದನಿ
ಪ್ಲಾಸ್ಟಿಕ್ ವಾಚಾ? ಸೋದರಮಾವನ ಉಡುಗೊರೆನಾ ಅದು!

ಶಹಾಪುರ ಸೀರೆ
ಎರಡೂ ಕೊಡಿಸಿ ಮಾಮಾ. ಓಡಾಡೋಕೆ ಕ್ಯಾಸಿಯೋ ಈಗಲೇ. ಪರೀಕ್ಷಿಸಿದ ಅಸಲಿ ಎಚ್‌ಎಂಟಿ ಪಾಸಿಂಗ್ ಔಟ್ ಪರೇಡ್ ದಿನ. ಹದಿನೈದು ಸಾವಿರದಲ್ಲಿ ಆರಾಮಾಗಿ ಆಗುತ್ತೆ, ಕುಂದಾಕ್ಕೂ ಉಳಿಯುತ್ತೆ.

ಕುಂದಾ ಪ್ರಿಯೆ
ಈ ಚರ್ಚೆಯಲ್ಲಿ ಬುದ್ಧಿ ಇರೋರು ಇವರೊಬ್ಬರೇ.

ಖಡೇಬಜಾರ ಮಾಮಾ
ಎಲ್ಲರಿಗೂ ಧನ್ಯವಾದ. ಹುಡುಗನಿಗೇ ಫೋನ್ ಮಾಡಿ ಕೇಳಿದೆ. "ಮಾಮಾ, ನನಗೆ ಕ್ಯಾಸಿಯೋನೇ ಬೇಕು, ಅಮ್ಮನ ಬಂಗಾರದ್ದು ಮಾತ್ರ ತರಬೇಡ" ಅಂದ. ಕ್ಯಾಸಿಯೋ ನಾಳೆ ತರುತ್ತೇನೆ. ಪರೇಡಿನ ಎಚ್‌ಎಂಟಿಗೆ ಇನ್ನೂ ಟೈಮ್ ಇದೆ. ಚಾವಿ ಗಡಿಯಾರದವರೆ, ನೀವು ಜೊತೆಗೆ ಬರುತ್ತೀರಾ? ಮುಚ್ಚಳ ಬಿಚ್ಚಿಸಿದರೂ ಒಳಗೆ ಏನು ನೋಡಬೇಕು ಅಂತ ನನಗೆ ಗೊತ್ತಾಗಲ್ಲ.

ಚಾವಿ ಗಡಿಯಾರ
ಬರುತ್ತೇನೆ. ಅಂಗಡಿಗೆ ಹೋಗುವ ಮುಂಚೆ ನನ್ನ ಪೆಟ್ಟಿಗೆ ನೋಡಿ. ಎರಡು ಪೈಲಟ್ ಇವೆ, ಒಂದನ್ನು ಕೊಂಡ ಬೆಲೆಗೇ ಕೊಡುತ್ತೇನೆ. ಭಾನುವಾರ ಸಂಜೆ ಬನ್ನಿ. ಭೂತಗನ್ನಡಿ ನನ್ನ ಹತ್ತಿರ ಇದೆ.

ಬಾಗಲಕೋಟ ಬಯಲು
ಎರಡನೆಯದು ನನಗೆ ರೀ. ಈಗಲೇ ಹೇಳಿಬಿಟ್ಟೆ.